ಕಟ್ಟಿಗೆ ಉರಿಯ ರೊಟಿಸರಿಯಲ್ಲಿ ಒಂದು ನಿಧಾನದ ಸಂಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಿಗೆ ಉರಿಯ ಮುಂದೆ ಮಾಂಸ ತಿರುಗಿಸಿ ಸುಡುವ ಹೋಟೆಲುಗಳೆಂದರೆ ನನಗೆ ಬಹಳ ಪ್ರೀತಿ. ಅದು ಗೊತ್ತಿರುವವರು ರಾತ್ರಿ ಊಟಕ್ಕೆ ಹೊರಡುವ ಮುಂಚೆ ಒಂದು ಮಾತು ಕೇಳಿಯೇ ಹೊರಡುತ್ತಾರೆ. ಕೇಳುವವರು ಬೇರೆ, ಊರು ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಮಾತಿನಲ್ಲೋ ಪತ್ರದಲ್ಲೋ ಬಂದವನ್ನು ಅವರವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ. ಮೊದಲ ಸಲ ಹೋಗುವವರು ಮೇಲಿನಿಂದ ಓದಿ. ಹೋಗಿ ಬಂದು ರೂಢಿಯಿರುವವರು ಕೊನೆಯ ಭಾಗಕ್ಕೆ ನೇರ ಹೋದರೂ ನಷ್ಟವಿಲ್ಲ.

## ಮೊದಲ ಸಲ ಹೋಗುವವರಿಗೆ

ರೊಟಿಸರಿ ಅಂದ್ರೆ ಏನು? ಗ್ರಿಲ್, ಬಾರ್ಬೆಕ್ಯೂ ಎಲ್ಲಾ ಒಂದೇ ಅಲ್ವಾ?

ಒಂದೇ ಅಲ್ಲ. ರೊಟಿಸರಿ ಫ್ರೆಂಚ್ ಮಾತು, ಸುಡುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಇಡೀ ಕೋಳಿಯನ್ನೋ ಕುರಿಯ ತೊಡೆಯನ್ನೋ ಉದ್ದನೆಯ ಸಲಾಕೆಗೆ ಚುಚ್ಚಿ, ಉರಿಯ ಮುಂದೆ ಬಿಡದೆ ತಿರುಗಿಸುತ್ತ ಬೇಯಿಸುವ ಕ್ರಮಕ್ಕೂ ಆ ಹೆಸರು, ಅದನ್ನು ಮಾರುವ ಜಾಗಕ್ಕೂ ಅದೇ ಹೆಸರು. ಗ್ರಿಲ್ ಅಂದರೆ ಕೆಂಡದ ಮೇಲೆ ಕಂಬಿಗಳ ಜಾಲರಿ. ತುಂಡು ಚಿಕ್ಕದು, ಶಾಖ ನೇರ, ಕೆಲಸ ಕೆಲವೇ ನಿಮಿಷದ್ದು. ಬಾರ್ಬೆಕ್ಯೂ ಎಂಬ ಮಾತನ್ನು ಒಂದೊಂದು ಕಡೆ ಒಂದೊಂದಕ್ಕೆ ಬಳಸುತ್ತಾರೆ. ಕಟ್ಟುನಿಟ್ಟಿನವರ ಪ್ರಕಾರ ಅದು ಮುಚ್ಚಿದ ಗೂಡಿನಲ್ಲಿ, ಕಡಿಮೆ ಶಾಖದಲ್ಲಿ, ಹೊಗೆಯ ನಡುವೆ ಗಂಟೆಗಟ್ಟಲೆ ಬೇಯುವ ಮಾಂಸ.

ರೊಟಿಸರಿ ಇವೆರಡರ ನಡುವೆ ನಿಲ್ಲುತ್ತದೆ. ಶಾಖ ಜೋರಾಗಿಯೇ ಇರುತ್ತದೆ, ಆದರೆ ಯಾವ ಬದಿಗೂ ಎಡೆಬಿಡದೆ ತಾಗುವುದಿಲ್ಲ. ನಿಲುವು ಸಲಾಕೆಗೆ ತೆಳು ಪದರ ಪೇರಿಸಿ, ಹೊರಗಿನಿಂದ ಹೆರೆದು ಕೊಡುವ ಡೋನರ್, ಶವರ್ಮಾ ಇದೇ ಬಳಗದವು. ಅವು ನಿಂತ ಕಾಲಲ್ಲಿ ತಿಂದು ಹೋಗುವ ಊಟ. ಇಲ್ಲಿ ಮಾತಾಡುತ್ತಿರುವುದು ಅಡ್ಡ ಸಲಾಕೆಯ ಬಗ್ಗೆ, ಕೂತು ಉಣ್ಣುವುದರ ಬಗ್ಗೆ.

ತಿರುಗಿಸೋದರಿಂದ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ, ಇಲ್ಲಾ ನೋಡೋಕೆ ಚಂದ ಅಂತ ಮಾಡ್ತಾರಾ?

ಆಗುತ್ತದೆ, ಅದನ್ನು ಕಣ್ಣಾರೆ ನೋಡಬಹುದು. ಮುಂದಿನ ಸಲ ಹೋದಾಗ ಒಲೆಯ ಎದುರು ಎರಡು ನಿಮಿಷ ನಿಂತು ಒಂದೇ ಕೋಳಿಯ ಮೇಲೆ ಕಣ್ಣಿಡಿ. ಎದೆ ಉರಿಯ ಕಡೆ ತಿರುಗಿದಾಗ ಚರ್ಮದ ಅಡಿಯ ಕೊಬ್ಬು ಕರಗಿ ಸಾಸಿವೆಯಷ್ಟು ಹನಿಯಾಗಿ ಹೊರಗೆ ಬರುತ್ತದೆ. ಹೊಳೆಯುತ್ತ ಕೆಳಗೆ ಜಾರತೊಡಗುತ್ತದೆ. ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಕೆಳಗಿದ್ದ ಬದಿ ಮೇಲೆ ಬರುತ್ತದೆ, ಹನಿ ದಿಕ್ಕು ಬದಲಿಸಿ ರೆಕ್ಕೆಯ ಸಂದಿಗೆ ಹೊಕ್ಕು, ಅಲ್ಲಿಂದ ತೊಡೆಯ ಮೇಲೆ ಹರಡಿಕೊಳ್ಳುತ್ತದೆ. ಹೀಗೆ ಕೋಳಿ ತನ್ನ ಕೊಬ್ಬನ್ನು ತಾನೇ ಸವರಿಕೊಳ್ಳುತ್ತ ಬೇಯುತ್ತದೆ. ಎಷ್ಟೋ ಹನಿ ಕೆಳಗಿನ ತಟ್ಟೆಗೆ ಬೀಳುತ್ತವೆ ನಿಜ, ಆದರೂ ಮೈಮೇಲೆ ಸುತ್ತಾಡಿ ಬಿದ್ದಿರುತ್ತವೆ.

ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ಉರಿಗೆ ಮುಖ ಮಾಡಿದ ಬದಿ ಕಾಯುತ್ತದೆ, ಬೆನ್ನು ಮಾಡಿದ ಬದಿ ಸ್ವಲ್ಪ ತಣಿಯುತ್ತದೆ, ಒಳಗಿನ ಮಾಂಸಕ್ಕೆ ಮಾತ್ರ ಶಾಖ ಮೆಲ್ಲಗೆ, ಒಂದೇ ಸಮನೆ ಇಳಿಯುತ್ತಿರುತ್ತದೆ. ಹೊರಗೆ ಹೊಂಬಣ್ಣ ಬಂದು ಘಮ ಹುಟ್ಟುವುದಕ್ಕೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ಬೇಕು. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು, ಅವನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಒಳಗಿನ ಮಾಂಸ 75 ಡಿಗ್ರಿಯ ಆಸುಪಾಸಿನಲ್ಲೇ ಬೆಂದು ಮುಗಿದಿರುತ್ತದೆ. ಹೊರಗೆ ಅಷ್ಟು, ಒಳಗೆ ಇಷ್ಟು ಎಂಬ ಈ ಅಂತರವನ್ನು ಕಾಪಾಡುವುದೇ ತಿರುಗುವ ಸಲಾಕೆಯ ಕೆಲಸ.

ಇದೇನು ಹೊಸ ಫ್ಯಾಷನ್ನಾ?

ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ 1248ರಲ್ಲೇ, ಒಂಬತ್ತನೇ ಲೂಯಿಯ ಕಾಲದಲ್ಲಿ, ಹೆಬ್ಬಾತು ಸುಡುವ ಕಸುಬಿನವರ ಸಂಘವಿತ್ತು. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಮುಚ್ಚಿಹೋದ ಆ ಪರಂಪರೆಯನ್ನು 1950ರಲ್ಲಿ ಅಲ್ಲಿಯೇ ಹೊಸದಾಗಿ ಎಬ್ಬಿಸಿದರು. ಸಲಾಕೆ ತಿರುಗಿಸುವುದು ಆಗ ಹುಡುಗರ ಕೆಲಸ, ಉರಿಯ ಪಕ್ಕ ಬೆವರು ಸುರಿಸುತ್ತ ಗಂಟೆಗಟ್ಟಲೆ ಕೂರಬೇಕಿತ್ತು. ಬ್ರಿಟನ್ನಿನಲ್ಲಿ 16ನೇ ಶತಮಾನದಿಂದ ಅದಕ್ಕೆ ಗಿಡ್ಡ ಕಾಲಿನ ನಾಯಿಗಳನ್ನು ಹಚ್ಚಿದರು. ಗೋಡೆಗೆ ಕಟ್ಟಿದ ಚಕ್ರದೊಳಗೆ ಅವು ಓಡುತ್ತಿದ್ದರೆ ಸಲಾಕೆ ತಿರುಗುತ್ತಿತ್ತು. ಅಂಥ ಒಂದು ನಾಯಿಯ ದೇಹವನ್ನು ವೇಲ್ಸಿನ ಆಬರ್‌ಗವೆನಿ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಇಟ್ಟಿದ್ದಾರೆ. ಅದರ ಬಗ್ಗೆ ಓದಿದ ದಿನ ನನಗೆ ತುಂಬ ಬೇಸರವಾಯಿತು.

ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ ಚಿತ್ರವೊಂದರಲ್ಲಿ ಹೊಗೆಗೂಡಿನೊಳಗೆ ಮೇಲೇರುವ ಬಿಸಿಗಾಳಿಯೇ ರೆಕ್ಕೆಚಕ್ರವನ್ನು ತಿರುಗಿಸಿ ಸಲಾಕೆಯನ್ನು ಆಡಿಸುತ್ತದೆ. ಉರಿ ಜೋರಾದರೆ ಸಲಾಕೆಯೂ ಜೋರು, ಉರಿ ತಗ್ಗಿದರೆ ಅದೂ ನಿಧಾನ. ಎಷ್ಟು ಚೆನ್ನಾದ ಯೋಚನೆ! ಪೆರುವಿನಲ್ಲಿ 1950ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ್ದ ರೋಜರ್ ಶೂಲರ್ ಲಿಮಾದ ಹತ್ತಿರ ತಿರುಗಿಸಿ ಸುಟ್ಟ ಕೋಳಿ ಮಾರಲು ಶುರುಮಾಡಿದರು, ಹಲವು ಸಲಾಕೆಗಳನ್ನು ಒಟ್ಟಿಗೆ ತಿರುಗಿಸುವ ಯಂತ್ರವನ್ನು ಫ್ರಾಂಜ್ ಉಲ್ರಿಚ್ ಎಂಬವರು ಮಾಡಿಕೊಟ್ಟರು. ಪೋಯೋ ಅ ಲಾ ಬ್ರಾಸ ಎಂಬ ಆ ಕೋಳಿ ಈಗ ಆ ದೇಶದ ಹೆಮ್ಮೆಯ ಅಡುಗೆ.

ಹೀಗೆ ತಿರುಗಿಸುವ ಕೆಲಸ ಹುಡುಗರಿಂದ ನಾಯಿಗೆ, ನಾಯಿಯಿಂದ ಮೋಟಾರಿಗೆ ಹೋಯಿತು. ಉರಿ ನೋಡಿಕೊಳ್ಳುವ ಕೆಲಸ ಮಾತ್ರ ಇನ್ನೂ ಮನುಷ್ಯರದೇ. ಒಳ್ಳೆಯ ಹೋಟೆಲನ್ನೂ ಸಾಧಾರಣ ಹೋಟೆಲನ್ನೂ ಬೇರೆ ಮಾಡುವುದು ಆ ಮನುಷ್ಯರೇ ಎಂದು ನನ್ನ ನಂಬಿಕೆ.

ನಮ್ಮಲ್ಲಿ ಒಬ್ಬರು ಮಾಂಸ ತಿನ್ನಲ್ಲ. ಅವರನ್ನ ಕರ್ಕೊಂಡು ಹೋದ್ರೆ ಪಾಪ ಸುಮ್ನೆ ಕೂರಬೇಕಾ?

ಸುಮ್ಮನೆ ಕೂರಿಸುವ ಜಾಗವಾದರೆ ಅಲ್ಲಿಗೆ ಹೋಗಬೇಡಿ. ಇಡೀ ಹೂಕೋಸು, ಕುಂಬಳ, ಅನಾನಸ್, ತೆನೆ ಸಮೇತ ಜೋಳ ಇವೆಲ್ಲ ಉರಿಯಲ್ಲಿ ಸೊಗಸಾಗಿ ಬೇಯುತ್ತವೆ. ಹೂಕೋಸು ಒಂದು ಗಂಟೆ ತಿರುಗಿ ಅಂಚು ಕಂದಿ ಬಂದಾಗ ಅದರ ಸಿಹಿಯೇ ಬೇರೆ. ಆದರೆ ಎರಡು ವಿಷಯ ಮುಂಚೆಯೇ ಕೇಳಿ. ತರಕಾರಿಯ ಸಲಾಕೆ ಮಾಂಸದ ಸಲಾಕೆಯ ಕೆಳಗಿರುತ್ತದೆಯೇ? ಕೆಳಗಿದ್ದರೆ ಮೇಲಿನ ಕೊಬ್ಬು ಇದರ ಮೇಲೆಯೇ ಬೀಳುತ್ತದೆ. ಆಲೂಗಡ್ಡೆಯನ್ನು ಎಲ್ಲಿ ಬೇಯಿಸುತ್ತಾರೆ? ರೊಟಿಸರಿಗಳಲ್ಲಿ ಆಲೂಗಡ್ಡೆಯನ್ನು ಕೊಬ್ಬು ತೊಟ್ಟಿಕ್ಕುವ ತಟ್ಟೆಯಲ್ಲೇ ಬೇಯಿಸುವುದು ಹಳೆಯ ರೂಢಿ, ಅದರ ರುಚಿಯ ಗುಟ್ಟೂ ಅದೇ. ಮೆನುವಿನಲ್ಲಿ ಬರೀ ‘ಸುಟ್ಟ ಆಲೂಗಡ್ಡೆ’ ಎಂದಿದ್ದರೆ ಸಸ್ಯಾಹಾರಿಗಳಿಗೆ ಅದು ತಿಳಿಯುವುದಿಲ್ಲ.

## ಜಾಗ ಆರಿಸುವಾಗ

ಬೋರ್ಡಲ್ಲಿ ಕಟ್ಟಿಗೆ ಒಲೆ ಅಂತ ಹಾಕಿರ್ತಾರೆ. ನಿಜವಾಗಿ ಕಟ್ಟಿಗೇನಾ ಅಂತ ಹೇಗೆ ಕಂಡುಹಿಡಿಯೋದು?

ಬೋರ್ಡು ಬಿಟ್ಟು ಸೌದೆ ಎಲ್ಲಿದೆ ನೋಡಿ. ದಿನವಿಡೀ ಕಟ್ಟಿಗೆ ಉರಿಸುವ ಜಾಗದಲ್ಲಿ ಸೌದೆಯ ರಾಶಿ ಇರಲೇಬೇಕು, ಅದು ದಿನದಿಂದ ದಿನಕ್ಕೆ ಕರಗುತ್ತಿರಬೇಕು. ಬಾಗಿಲ ಬಳಿ ಅಂದವಾಗಿ ಜೋಡಿಸಿ ದೂಳು ಕೂತ ಕಟ್ಟಿಗೆ ಅಲಂಕಾರದ್ದು. ಒಲೆಯ ಪಕ್ಕ ಸಿಪ್ಪೆ ಚೂರು ಉದುರಿದ್ದು, ಬೂದಿಯ ಬಕೆಟ್ಟು, ಉದ್ದ ಹಿಡಿಕೆಯ ಸಲಿಕೆ, ಕೆಂಡ ಕೆದಕುವ ಕೋಲು ಕಂಡರೆ ನಂಬಬಹುದು.

ನಡುವಿನ ಬಗೆಯೂ ಒಂದಿದೆ. ಕೆಲವು ಯಂತ್ರಗಳಲ್ಲಿ ಬೇಯಿಸುವುದು ಗ್ಯಾಸು, ಪರಿಮಳಕ್ಕೆ ಒಂದೆರಡು ಕೊರಡು ಪಕ್ಕದಲ್ಲಿ ಹೊಗೆಯಾಡುತ್ತಿರುತ್ತವೆ. ಅದನ್ನು ಮೋಸ ಎನ್ನಲಾರೆ, ಊಟ ಚೆನ್ನಾಗಿಯೇ ಇರಬಹುದು. ಆದರೆ ಕಟ್ಟಿಗೆ ಉರಿಗಾಗಿಯೇ ದೂರದಿಂದ ಹೋಗುವುದಾದರೆ ‘ಶಾಖ ಯಾವುದರಿಂದ, ಕಟ್ಟಿಗೆಯಿಂದಲೋ ಗ್ಯಾಸಿನಿಂದಲೋ?’ ಎಂದೇ ಕೇಳಿ. ‘ಕಟ್ಟಿಗೆ ಇದೆಯಾ?’ ಎಂದು ಕೇಳಿದರೆ ಎರಡೂ ಕಡೆ ‘ಇದೆ’ ಎಂಬ ಉತ್ತರವೇ ಬರುತ್ತದೆ.

ಯಾವ ಮರದ ಕಟ್ಟಿಗೆ ಅಂತ ಕೇಳಬೇಕಾ? ಕೇಳಿದ್ರೆ ನಮಗೇನು ಗೊತ್ತಾಗುತ್ತೆ?

ಮರದ ಹೆಸರಿಗಿಂತ ಉತ್ತರ ಹೇಳುವ ರೀತಿಯಿಂದ ಹೆಚ್ಚು ಗೊತ್ತಾಗುತ್ತದೆ. ತಿಳಿದವರು ಹೆಸರು ಹೇಳಿ ನಿಲ್ಲಿಸುವುದಿಲ್ಲ, ಎಷ್ಟು ಒಣಗಿಸಿದ್ದು ಎಂಬುದನ್ನೂ ಹೇಳುತ್ತಾರೆ. ಆಗ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು. ಒಲೆಗೆ ಹಾಕುವ ಹೊತ್ತಿಗೆ ತೇವ 20 ಶೇಕಡಾದೊಳಗೆ ಇಳಿದಿರಬೇಕು, ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯುತ್ತದೆ. ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅದರ ಬೆಳ್ಳನೆಯ ದಟ್ಟ ಹೊಗೆ ಕೋಳಿಯ ಚರ್ಮಕ್ಕೆ ಕಹಿ ಹಿಡಿಸುತ್ತದೆ. ಓಕ್, ಸೇಬು, ಚೆರ್ರಿಯಂಥ ಗಟ್ಟಿ ಮರಗಳ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಪೈನ್ ಜಾತಿಯ ರಾಳದ ಮರಗಳು ಮಸಿ ಕಾರುತ್ತವೆ, ಅಡುಗೆಗೆ ಒಗ್ಗುವುದಿಲ್ಲ. ಹೊಗೆಯ ಹಿತವಾದ ಘಮ ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಒಡೆದಾಗ ಬರುವಂಥದ್ದು. ಯಾವ ಮರವಾದರೂ ಚೆನ್ನಾಗಿ ಒಣಗಿ, ಸರಿಯಾಗಿ ಗಾಳಿ ಸಿಕ್ಕಿ ಉರಿದಾಗ ಮಾತ್ರ ಆ ಘಮ ಹದವಾಗಿರುತ್ತದೆ.

ನಾನು ಮಾಡುವುದು ಇಷ್ಟೇ: ಬಾಗಿಲಲ್ಲಿ ಒಮ್ಮೆ ಉಸಿರೆಳೆದುಕೊಳ್ಳುತ್ತೇನೆ. ಸಿಹಿಯಾಗಿ ಸುಟ್ಟ ವಾಸನೆ ಬಂದರೆ ಒಳಗೆ, ಕಣ್ಣು ಚುರುಗುಟ್ಟಿದರೆ ವಾಪಸ್ಸು.

ಮೆನು ಉದ್ದ ಇದ್ರೆ ಒಳ್ಳೇದಲ್ವಾ, ಎಲ್ರಿಗೂ ಏನಾದ್ರೂ ಸಿಗುತ್ತೆ?

ಇಂಥ ಜಾಗದಲ್ಲಿ ಅಲ್ಲ. ಸಲಾಕೆಗಳು ಇರುವುದೇ ಕೆಲವು, ಒಂದೊಂದು ಕೋಳಿಗೂ ಗಂಟೆಯ ಮೇಲೆ ಬೇಕು. ಅರವತ್ತು ತಿನಿಸಿನ ಪಟ್ಟಿ ಇದೆ ಅಂದರೆ ಬಹುಪಾಲು ಬೇರೆ ಒಲೆಯಿಂದ ಬರುತ್ತಿದೆ ಎಂದರ್ಥ. ಎರಡು ಮೂರು ಮಾಂಸ, ನಾಲ್ಕೈದು ತರಕಾರಿ, ಒಂದಿಷ್ಟು ಹುಳಿ ಹಸಿರು ಚಟ್ನಿಗಳು, ‘ಮುಗಿಯುವವರೆಗೆ ಮಾತ್ರ’ ಎಂಬ ಒಂದು ಸಾಲು: ಇಷ್ಟಿದ್ದರೆ ನನಗೆ ಧೈರ್ಯ ಬರುತ್ತದೆ.

ಫೋಟೊ, ಸ್ಟಾರ್ ನೋಡಿ ಆರಿಸಬಹುದಾ?

ಸ್ಟಾರು ಬಿಟ್ಟು ಬರಹ ಓದಿ. ‘ಒಣಗಿತ್ತು’, ‘ಚರ್ಮ ಮೆತ್ತಗಿತ್ತು’ ಎಂಬ ದೂರು ಮತ್ತೆ ಮತ್ತೆ ಬಂದಿದ್ದರೆ ಬೆಂದದ್ದನ್ನು ಬಹಳ ಹೊತ್ತು ಬಿಸಿಯಲ್ಲೇ ಇಟ್ಟು ಕೊಡುತ್ತಾರೆಂದು ಊಹಿಸಬಹುದು. ‘ನಾವು ಹೋದಾಗ ಮುಗಿದಿತ್ತು’ ಎಂಬ ಸಿಟ್ಟಿನ ಬರಹವನ್ನು ನಾನು ಹೊಗಳಿಕೆ ಎಂದೇ ಓದುತ್ತೇನೆ.

ನಾವು ಹೋಗೋದೇ ಮಾತಾಡೋಕೆ. ಗದ್ದಲ ಇರುತ್ತಾ ಇಲ್ವಾ ಅಂತ ಮೊದಲೇ ಗೊತ್ತಾಗುತ್ತಾ?

ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಫೋಟೊದಲ್ಲಿ ನೆಲ, ಗೋಡೆ, ಚಾವಣಿ ನೋಡಿ. ಕಾಂಕ್ರೀಟು, ಟೈಲ್ಸು, ಗಾಜು ತುಂಬಿದ ಎತ್ತರದ ಹಾಲಿನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ವಾಪಸ್ಸು ಬರುತ್ತದೆ. ತಗ್ಗಿನ ಮರದ ಚಾವಣಿ, ಬಟ್ಟೆಯ ಪರದೆ, ಮೆತ್ತೆ ಹಾಕಿದ ಬೆಂಚು, ಟೇಬಲ್ಲಿಗೆ ಹಾಸಿದ ಬಟ್ಟೆ ಸದ್ದು ಹೀರುತ್ತವೆ. ಸುತ್ತ ಗದ್ದಲವಾದರೆ ನಮಗೆ ಗೊತ್ತಿಲ್ಲದೇ ನಮ್ಮ ದನಿ ಏರುತ್ತದೆ. ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದರ ಬಗ್ಗೆ ಬರೆದರು. ಒಂದು ಟೇಬಲ್ಲಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಎಂಟೂವರೆ ಹೊತ್ತಿಗೆ ಇಡೀ ಹಾಲು ಕೂಗುತ್ತಿರುತ್ತದೆ.

ಕಿವಿ ಮಂದವಾದ ಹಿರಿಯರ ಜೊತೆ ಹೋಗುವಾಗ ಇದು ಊಟಕ್ಕಿಂತ ದೊಡ್ಡ ವಿಷಯ. ನಮ್ಮ ಅಪ್ಪ ಗದ್ದಲದ ಹೋಟೆಲಿನಲ್ಲಿ ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸುತ್ತ ಕೂತುಬಿಡುತ್ತಿದ್ದರು. ಮೂಲೆಯ ಟೇಬಲ್ಲಿನಲ್ಲಿ ಅವರ ಬೆನ್ನು ಗೋಡೆಗೆ ಬರುವ ಹಾಗೆ ಕೂರಿಸಿದ ದಿನ ಮೊದಲ ಸಲ ಅವರೇ ಕಥೆ ಹೇಳತೊಡಗಿದರು. ಆಮೇಲೆ ನಾನು ಊಟದ ಪಟ್ಟಿ ನೋಡುವ ಮೊದಲು ಮೂಲೆ ಹುಡುಕುತ್ತೇನೆ.

## ಹೊತ್ತು, ಟೇಬಲ್ಲು, ಆರ್ಡರ್ರು

ಎಷ್ಟು ಗಂಟೆಗೆ ಹೋದ್ರೆ ಚೆನ್ನಾಗಿರುತ್ತೆ?

ಎಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು. ಬೇರೆ ಹೋಟೆಲಿನಲ್ಲಿ ಆರ್ಡರ್ ಕೊಟ್ಟ ಮೇಲೆ ಬಾಣಲೆ ಒಲೆಗೇರುತ್ತದೆ. ಇಲ್ಲಿ ನೀವು ತಿನ್ನುವ ಕೋಳಿ ನೀವು ಮನೆ ಬಿಡುವ ಮುಂಚೆಯೇ ಒಲೆಗೇರಿರುತ್ತದೆ. ಕಟ್ಟಿಗೆ ಹೊತ್ತಿಸಿ ಒಳ್ಳೆಯ ಕೆಂಡವಾಗಲು ಗಂಟೆಯ ಹತ್ತಿರ ಬೇಕು. ಒಂದೂವರೆ ಕೆಜಿಯ ಕೋಳಿಗೆ ಇನ್ನೊಂದು ಗಂಟೆಯಿಂದ ಒಂದೂವರೆ ಗಂಟೆ. ಹೀಗೆ ಒಂದು ಸಲಕ್ಕೆ ಇಷ್ಟು ಎಂದು ಸರದಿಯಲ್ಲಿ ಬೇಯಿಸುತ್ತಾರೆ. ಸರದಿ ಇಳಿದ ಮೊದಲ ಅರ್ಧ ಗಂಟೆಯ ಊಟಕ್ಕೂ ಎರಡು ಗಂಟೆ ಬಿಸಿಯಲ್ಲಿ ಕಾದದ್ದಕ್ಕೂ ಅಜಗಜಾಂತರ.

ಒಮ್ಮೆ ಗೆಳೆಯನ ಹುಟ್ಟುಹಬ್ಬಕ್ಕೆಂದು ಐದು ಜನ ರಾತ್ರಿ ಒಂಬತ್ತೂಮುಕ್ಕಾಲಿಗೆ ಒಂದು ಕಡೆ ಹೋದೆವು. ಟೇಬಲ್ಲು ಸುಲಭವಾಗಿ ಸಿಕ್ಕಿತು, ಖುಷಿಪಟ್ಟೆವು. ಒಲೆಯಲ್ಲಿ ಕೆಂಡಕ್ಕೆ ಬೂದಿ ಮುಚ್ಚಿತ್ತು. ಮೋಟಾರು ನಿಲ್ಲಿಸಿದ ಸಲಾಕೆಯಲ್ಲಿ ಉಳಿದ ಎರಡು ಕೋಳಿಗಳ ಚರ್ಮ ನಿರಿಗೆ ಕಟ್ಟಿ ಮೂಳೆಗೆ ಅಂಟಿಕೊಂಡಿತ್ತು. ಎದೆಯ ತುಂಡು ಬಾಯಲ್ಲಿ ಹತ್ತಿಯಾಯಿತು. ಗೆಳೆಯ ‘ಚೆನ್ನಾಗಿದೆ, ಚೆನ್ನಾಗಿದೆ’ ಎನ್ನುತ್ತ ನೀರು ಕುಡಿಯುತ್ತಿದ್ದ. ಅದೇ ಜಾಗಕ್ಕೆ ಇನ್ನೊಂದು ವಾರ ಏಳು ಗಂಟೆಗೆ ಹೋದಾಗ ಸಿಕ್ಕಿದ ಊಟ ಇವತ್ತಿಗೂ ನೆನಪಿದೆ. ಅಡುಗೆಯವರು ಅವರೇ, ಕಟ್ಟಿಗೆ ಅದೇ. ಬದಲಾದದ್ದು ನಾವು ಹೋದ ಹೊತ್ತು.

ಹಾಗಾಗಿ ಫೋನು ಮಾಡಿ ‘ಸಂಜೆಯ ಮೊದಲ ಸರದಿ ಎಷ್ಟು ಹೊತ್ತಿಗೆ ಇಳಿಯುತ್ತದೆ, ಎರಡನೆಯದು ಯಾವಾಗ?’ ಎಂದು ಕೇಳಿ. ಅದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ ಕೂತುಕೊಳ್ಳಿ. ನಿಧಾನವಾಗಿ ಏನಾದರೂ ಕುಡಿಯುತ್ತ, ಉರಿ ನೋಡುತ್ತ, ಮಾತಾಡುತ್ತ ಕಳೆಯುವ ಆ ಅರ್ಧ ಗಂಟೆಯೇ ನಿಮಗೆ ಬೇಕಿದ್ದ ಸಂಜೆ.

ಬುಕ್ ಮಾಡೋವಾಗ ಫೋನಲ್ಲಿ ಇನ್ನೇನು ಕೇಳಬೇಕು?

ಎರಡು ಮಾತು. ಟೇಬಲ್ಲು ಎಷ್ಟು ಹೊತ್ತಿನವರೆಗೆ ನಮ್ಮದು? ಒಂದೂವರೆ ಗಂಟೆಗೆ ಎಬ್ಬಿಸುವ ಜಾಗ ಮಾತಿನ ಸಂಜೆಗೆ ಆಗದು. ಇಡೀ ಕೋಳಿ ಅಥವಾ ತೊಡೆಯನ್ನು ನಮ್ಮ ಹೆಸರಿಗೆ ಎತ್ತಿಡುತ್ತೀರಾ? ಕುರಿ ತೊಡೆಯಂಥ ದೊಡ್ಡ ತುಂಡನ್ನು ಹಿಂದಿನ ದಿನವೇ ಹೇಳಬೇಕಾಗಬಹುದು, ಉಪ್ಪು ಮಸಾಲೆ ಹಚ್ಚಿ ರಾತ್ರಿಯಿಡೀ ಇಟ್ಟರೆ ಮಾತ್ರ ಅದು ಒಳಗೆ ಇಳಿಯುತ್ತದೆ. ಯಾರಿಗಾದರೂ ಅಲರ್ಜಿ ಇದ್ದರೆ ಇದೇ ಫೋನಿನಲ್ಲಿ ಹೇಳಿಬಿಡಿ. ಮಸಾಲೆಯಲ್ಲಿ ಸೋಯಾ, ಸಾಸಿವೆ, ಮೊಸರು, ಬೀಜಗಳು ಏನು ಬೇಕಾದರೂ ಇರಬಹುದು, ಹಚ್ಚಿ ಆದಮೇಲೆ ತೆಗೆಯಲು ಬರುವುದಿಲ್ಲ.

ಬೆಂಕಿ ಪಕ್ಕದ ಟೇಬಲ್ಲೇ ಬೇಕು ಅಂತ ಮಕ್ಕಳು ಹಠ ಮಾಡ್ತಾರೆ. ಕೂರಬಹುದಾ?

ಹತ್ತು ನಿಮಿಷಕ್ಕೆ ಸ್ವರ್ಗ, ಒಂದು ಗಂಟೆಗೆ ಕಷ್ಟ. ಉರಿಯ ಕಾವು ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಒಂದು ಕೆನ್ನೆ ಕಾದು ಇನ್ನೊಂದು ತಣ್ಣಗಿರುತ್ತದೆ, ನಮ್ಮನ್ನೂ ಸಲಾಕೆಗೆ ಹಾಕಿ ತಿರುಗಿಸಬೇಕೇನೋ ಎನ್ನುವ ಹಾಗೆ. ಉರಿ ಕಾಣುವ, ಆದರೆ ನಾಲ್ಕೈದು ಮೀಟರ್ ದೂರದ ಟೇಬಲ್ಲು ಕೇಳಿ. ಕಾವು ದೂರ ಹೋದಷ್ಟೂ ಬೇಗ ಇಳಿಯುತ್ತದೆ. ಮಕ್ಕಳನ್ನು ನಡುನಡುವೆ ಕೈಹಿಡಿದು ಕರೆದೊಯ್ದು ತೋರಿಸಿ. ಒಲೆಗೆ ಗಾಜಿನ ತಡೆಯೋ ಕಟ್ಟೆಯೋ ಇದೆಯೇ ಎಂದು ಮೊದಲು ನೋಡಿಕೊಳ್ಳಿ, ಆ ಗಾಜೂ ಸುಡುವಷ್ಟು ಕಾದಿರುತ್ತದೆ.

ಆಸ್ತಮಾ ಇರೋರು ಹೋಗಬಹುದಾ?

ಹೊಗೆಗೂಡು ಚೆನ್ನಾಗಿ ಎಳೆಯುತ್ತಿದ್ದರೆ ಊಟದ ಹಾಲಿನಲ್ಲಿ ಹೊಗೆ ನಿಲ್ಲಬಾರದು. ದೀಪದ ಸುತ್ತ ಮಂಜಿನ ಹಾಗೆ ಕಾಣುತ್ತಿದ್ದರೆ, ಕಣ್ಣಲ್ಲಿ ನೀರು ಬಂದರೆ ಅಲ್ಲಿ ಗಾಳಿಯ ವ್ಯವಸ್ಥೆ ಸರಿಯಿಲ್ಲ. ಕಟ್ಟಿಗೆ ಹೊಗೆ ಆಸ್ತಮಾ ಕೆರಳಿಸುತ್ತದೆ, ಎಳೆ ಮಕ್ಕಳಿಗೂ ಒಳ್ಳೆಯದಲ್ಲ. ಹೊರಗೆ ಅಂಗಳದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಟೇಬಲ್ಲು ಹಿಡಿಯಿರಿ. ಇನ್‌ಹೇಲರ್ ಜೇಬಿನಲ್ಲೇ ಇರಲಿ. ತೊಂದರೆ ಈಚೆಗೆ ಜಾಸ್ತಿಯಾಗಿದ್ದರೆ ಆ ಸಂಜೆ ಬೇರೆ ಬಗೆಯ ಊಟಕ್ಕೆ ಹೋಗುವುದೇ ಮೇಲು.

ನಾಲ್ಕು ಜನಕ್ಕೆ ಎಷ್ಟು ಹೇಳಬೇಕು?

ಒಂದು ಇಡೀ ಕೋಳಿ, ಎರಡು ತರಕಾರಿ, ಒಂದು ಹಸಿ ಸಲಾಡು, ಬ್ರೆಡ್ಡೋ ಆಲೂಗಡ್ಡೆಯೋ. ಸಾಲದಿದ್ದರೆ ಇನ್ನರ್ಧ ಆಮೇಲೆ. ಸುಟ್ಟ ಮಾಂಸದ ಜಿಡ್ಡಿಗೆ ಹುಳಿ ಬೇಕೇ ಬೇಕು, ನಿಂಬೆ, ವಿನಿಗರ್ ಹಾಕಿದ ಸೊಪ್ಪಿನ ಚಟ್ನಿ, ಉಪ್ಪಿನಲ್ಲಿ ನೆನೆಸಿದ ಈರುಳ್ಳಿ ಏನಾದರೂ ಸರಿ. ಹುಳಿಯಿಲ್ಲದ ಊಟದಲ್ಲಿ ನಾಲ್ಕನೇ ತುತ್ತಿಗೇ ನಾಲಗೆ ಸೋಲುತ್ತದೆ. ಶುರುವಿಗೇ ಕರಿದದ್ದು ತರಿಸಿ ಹೊಟ್ಟೆ ತುಂಬಿಸಿಕೊಳ್ಳಬೇಡಿ.

## ತಟ್ಟೆ ಮುಂದೆ ಬಂದ ಮೇಲೆ

ಕೋಳಿ ಇಳಿಸಿದ್ದು ಕಾಣ್ತಾ ಇದೆ, ಆದ್ರೂ ಹದಿನೈದು ನಿಮಿಷ ಕತ್ತರಿಸದೆ ಇಟ್ಟಿದ್ದಾರೆ. ನಮ್ಮನ್ನ ಮರೆತ್ರಾ?

ಮರೆತಿಲ್ಲ, ನಿಮ್ಮ ಊಟವನ್ನು ಕಾಪಾಡುತ್ತಿದ್ದಾರೆ. ಉರಿಯಿಂದ ಇಳಿಸಿದ ಕೂಡಲೇ ಕತ್ತಿ ಹಾಕಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಹೊರಗಿನ ಕಾವು ಒಳಗಿಳಿದು ಸಮವಾಗುತ್ತದೆ, ರಸ ಸ್ವಲ್ಪ ದಪ್ಪವಾಗಿ ಮಾಂಸದಲ್ಲೇ ನಿಲ್ಲುತ್ತದೆ. ಮುಚ್ಚಳ ಮುಚ್ಚದೆ ಇಟ್ಟಿದ್ದಾರೆಯೇ ನೋಡಿ. ಮುಚ್ಚಿದರೆ ಹಬೆ ಕಟ್ಟಿ ಗರಿಗರಿ ಚರ್ಮ ಮೆತ್ತಗಾಗುತ್ತದೆ. ಗಡಿಬಿಡಿ ಮಾಡದೆ ಕಾಯುವ ಅಡುಗೆಯವರ ಮೇಲೆ ನನಗೆ ಗೌರವ ಜಾಸ್ತಿ.

ಮೂಳೆ ಹತ್ತಿರ ಗುಲಾಬಿ ಬಣ್ಣ ಇದೆ. ಬೆಂದಿಲ್ಲ ಅಂತ ವಾಪಸ್ ಕಳಿಸಬೇಕಾ?

ಬಣ್ಣ ನೋಡಿ ತೀರ್ಮಾನಿಸಬೇಡಿ. ಎಳೆ ಕೋಳಿಯ ಮೂಳೆ ಪೂರ್ತಿ ಬಲಿತಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಜಿನುಗುತ್ತದೆ. ಕಟ್ಟಿಗೆ ಹೊಗೆಯ ಅನಿಲಗಳು ಮಾಂಸದ ಬಣ್ಣದ ಅಂಶದ ಜೊತೆ ಸೇರಿದರೂ ಅಂಚಿನಲ್ಲಿ ಗುಲಾಬಿ ಉಳಿಯುತ್ತದೆ. ಬೆಂದಿದೆಯೇ ಎನ್ನಲು ಗಟ್ಟಿ ಆಧಾರ ಉಷ್ಣತೆಯೊಂದೇ: ಕೋಳಿಯ ಅತಿ ದಪ್ಪ ಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಮಾಂಸ ಮೇಣದ ಹಾಗೆ ಹೊಳೆಯುತ್ತ, ಜಗಿದರೆ ರಬ್ಬರಿನಂತಿದ್ದರೆ ಅನುಮಾನಿಸಿ. ‘ಥರ್ಮಾಮೀಟರ್ ಹಾಕಿ ನೋಡ್ತೀರಾ?’ ಎಂದು ವಿನಯದಿಂದ ಕೇಳಿ. ಒಳ್ಳೆಯ ಜಾಗದಲ್ಲಿ ಅದು ಅಡುಗೆಯವರ ಜೇಬಿನಲ್ಲೇ ಇರುತ್ತದೆ, ಬೇಸರಪಡದೆ ಬಂದು ತೋರಿಸುತ್ತಾರೆ.

ತೊಡೆ ಬೆಣ್ಣೆ ಥರ ಇತ್ತು, ಎದೆ ಒಣಗಿತ್ತು. ಒಂದೇ ಕೋಳಿಯಲ್ಲಿ ಹೀಗ್ಯಾಕೆ?

ಎರಡೂ ಬೇರೆ ಬೇರೆ ಮಾಂಸ. ತೊಡೆ ದಿನವಿಡೀ ದುಡಿದದ್ದು, ಕೊಬ್ಬೂ ನಾರೂ ಹೆಚ್ಚು. ಆ ನಾರಿನಲ್ಲಿರುವ ಕೊಲಾಜನ್ ಕರಗಿ ಅಂಟಂಟಾಗಿ ಮೆತ್ತಗಾಗಲು ಹೆಚ್ಚು ಕಾವೂ ಹೊತ್ತೂ ಬೇಕು, 80 ಡಿಗ್ರಿ ಮುಟ್ಟಿದರೂ ತೊಡೆ ಚೆನ್ನಾಗಿರುತ್ತದೆ. ಎದೆಗೆ ಅಷ್ಟು ಕಾವು ತಾಗಿದರೆ ರಸವೆಲ್ಲ ಹಿಂಡಿಹೋಗುತ್ತದೆ. ಈ ಎರಡನ್ನೂ ಒಂದೇ ಸಲಾಕೆಯಲ್ಲಿ ಹದಕ್ಕೆ ತರುವುದರಲ್ಲೇ ಅಡುಗೆಯವರ ಕೈ ಗೊತ್ತಾಗುವುದು. ಹಿಂದಿನ ದಿನ ಉಪ್ಪು ಹಚ್ಚಿಟ್ಟರೆ ಎದೆ ರಸ ಬಿಟ್ಟುಕೊಡುವುದು ಕಡಿಮೆ. ಕಾಲುಗಳನ್ನು ಬಿಗಿದು ಕಟ್ಟಿದರೆ ತಿರುಗುವಾಗ ಅಲ್ಲಾಡದೆ ಎಲ್ಲ ಕಡೆ ಒಂದೇ ಸಮ ಬೇಯುತ್ತದೆ. ಕೆಲವರು ಕೆಂಡವನ್ನು ತೊಡೆಗಳು ಬರುವ ಕಡೆಗೆ ಸ್ವಲ್ಪ ಹೆಚ್ಚು ಎಳೆದಿಡುತ್ತಾರೆ. ಮೊದಲ ಸಲ ಹೋದ ಜಾಗದಲ್ಲಿ ನಾನು ಎದೆಯ ತುಂಡನ್ನೇ ಮೊದಲು ಬಾಯಿಗೆ ಹಾಕುವುದು ಇದಕ್ಕೇ. ತೊಡೆ ಯಾರು ಮಾಡಿದರೂ ಚೆನ್ನಾಗಿರುತ್ತದೆ.

ಸುಟ್ಟ ಮಾಂಸ ತಿಂದ್ರೆ ಕ್ಯಾನ್ಸರ್ ಬರುತ್ತಂತೆ, ಹೌದಾ?

ಭಯಕ್ಕೆ ಆಧಾರ ಇಲ್ಲದಿಲ್ಲ. ಮಾಂಸವನ್ನು ಬಹಳ ಜೋರು ಶಾಖದಲ್ಲಿ ಬೇಯಿಸಿದಾಗ, ಕೊಬ್ಬು ಕೆಂಡಕ್ಕೆ ಬಿದ್ದು ಹೊಗೆಯಾಗಿ ಮತ್ತೆ ಮಾಂಸಕ್ಕೆ ಅಂಟಿದಾಗ ಕೆಲವು ರಾಸಾಯನಿಕಗಳು ಹುಟ್ಟುತ್ತವೆ. ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕ್ಯಾನ್ಸರ್ ಬಂದದ್ದೂ ನಿಜ. ಮನುಷ್ಯರ ವಿಷಯದಲ್ಲಿ ಖಚಿತವಾದ ನಂಟು ಸಾಬೀತಾಗಿಲ್ಲ. ಬಿಡದೆ ತಿರುಗಿಸುತ್ತ ಬೇಯಿಸಿದರೆ ಅಂಥ ಒಂದು ಬಗೆಯ ರಾಸಾಯನಿಕ ಗಣನೀಯವಾಗಿ ಕಡಿಮೆಯಾಗುತ್ತದೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಹೇಳುತ್ತದೆ.

ಒಲೆಯ ಕಟ್ಟಣೆಯನ್ನೂ ಗಮನಿಸಿ. ಉರಿ ಸಲಾಕೆಯ ಹಿಂದೆ ಇದ್ದು ಕೆಳಗೆ ತಟ್ಟೆ ಇದ್ದರೆ ಕೊಬ್ಬು ಕೆಂಡಕ್ಕೆ ಬೀಳುವುದೇ ಇಲ್ಲ. ಉರಿ ನೇರ ಕೆಳಗಿದ್ದು ಆಗಾಗ ಭಗ್ಗೆಂದು ಜ್ವಾಲೆ ಏಳುತ್ತಿದ್ದರೆ ಮಸಿಯೂ ಹೆಚ್ಚು. ಇದ್ದಿಲಿನಂತೆ ಕರಕಲಾದ ಭಾಗವನ್ನು ತೆಗೆದಿಟ್ಟು ತಿನ್ನಿ, ಅದರಲ್ಲಿ ರುಚಿಯೂ ಇಲ್ಲ.

ಉಳಿದದ್ದು ಕಟ್ಟಿಸ್ಕೊಂಡು ಬಂದ್ರೆ ಮಾರನೇ ದಿನ ಚೆನ್ನಾಗಿರುತ್ತಾ?

ಮಾಂಸ ಇರುತ್ತದೆ, ಚರ್ಮ ಇರುವುದಿಲ್ಲ. ಬಡಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹಾಗಾಗಿ ಊಟದ ನಂತರ ಹರಟೆ ಲಂಬಿಸುವ ಅಂದಾಜಿದ್ದರೆ ಕಟ್ಟಿಸಬೇಡಿ, ತಿಂದು ಮುಗಿಸುವಷ್ಟೇ ಹೇಳಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ತಾಳುತ್ತದೆ. ಮತ್ತೆ ತಿನ್ನುವಾಗ ಹಬೆಯಾಡುವಷ್ಟು ಬಿಸಿ ಮಾಡಿ. ಮೂಳೆಗಳನ್ನು ಕೇಳಿ ತನ್ನಿ, ಈರುಳ್ಳಿ ಮೆಣಸಿನ ಜೊತೆ ಒಂದೆರಡು ಗಂಟೆ ಕುದಿಸಿದರೆ ಕಟ್ಟಿಗೆಯ ಘಮವಿರುವ ಸಾರು ಸಿಗುತ್ತದೆ.

ಒಂದೇ ಜಾಗಕ್ಕೆ ಮೂರು ಸಲ ಹೋದ್ವಿ, ಮೂರು ಸಲಾನೂ ರುಚಿ ಬೇರೆ. ಯಾವುದನ್ನ ನಂಬೋದು?

ಮೂರನ್ನೂ ನಂಬಿ. ಗ್ಯಾಸಿನ ಗುಂಡಿ ತಿರುಗಿಸಿದರೆ ಪ್ರತಿದಿನ ಒಂದೇ ಉರಿ ಬರುತ್ತದೆ. ಕಟ್ಟಿಗೆ ಹಾಗಲ್ಲ. ಮಳೆಗಾಲದ ಸೌದೆ ಬೇರೆ, ಬೇಸಿಗೆಯದು ಬೇರೆ. ಗಾಳಿಯ ದಿನ ಹೊಗೆಗೂಡು ಜಾಸ್ತಿ ಎಳೆಯುತ್ತದೆ, ಮೋಡ ಕವಿದ ದಿನ ಮಂಕಾಗಿರುತ್ತದೆ. ಹೊತ್ತಿನ ಬಗ್ಗೆ ಮೇಲೆ ಹೇಳಿದ್ದನ್ನೂ ಸೇರಿಸಿಕೊಳ್ಳಿ. ಒಂದು ಸಲ ಅದ್ಭುತ, ಇನ್ನೊಂದು ಸಲ ತಿನ್ನಲಾಗದಷ್ಟು ಕೆಟ್ಟದ್ದು ಎಂಬಷ್ಟು ಏರುಪೇರಿದ್ದರೆ ಬಿಟ್ಟುಬಿಡಿ. ಚೆನ್ನಾಗಿರುವುದರಲ್ಲೇ ಹೆಚ್ಚುಕಡಿಮೆಯಾದರೆ ಅದು ಜೀವಂತ ಉರಿಯ ಗುಣ.

ಇನ್ನೊಂದು ಕೆಲಸ ಮಾಡಿ. ಅತಿ ಚೆನ್ನಾಗಿದ್ದ ದಿನ ಒಲೆಯ ಮುಂದೆ ಯಾರಿದ್ದರು ಎಂದು ನೆನಪಿಟ್ಟುಕೊಳ್ಳಿ. ನಾನು ಮೆಚ್ಚಿದ ಒಂದು ಕಡೆ ವಯಸ್ಸಾದ ಹೆಂಗಸೊಬ್ಬರು ಉರಿ ನೋಡಿಕೊಳ್ಳುತ್ತಾರೆ. ಥರ್ಮಾಮೀಟರ್ ಪಕ್ಕದಲ್ಲೇ ಇರುತ್ತದೆ, ಆದರೂ ಮೊದಲು ಅಂಗೈಯನ್ನು ಕೆಂಡದ ಕಡೆ ಚಾಚಿ ಹಿಡಿಯುತ್ತಾರೆ, ತುಟಿಯಲ್ಲೇ ಏನೋ ಎಣಿಸುತ್ತಾರೆ, ಕೈ ಹಿಂದೆಳೆದು ಒಂದು ಕೊರಡನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ಸರಿಸುತ್ತಾರೆ. ಆ ಹೋಟೆಲಿಗೆ ಫೋನು ಮಾಡಿದಾಗ ನಾನು ಮೊದಲು ಕೇಳುವುದು ‘ಇವತ್ತು ಅಮ್ಮ ಇದ್ದಾರಾ?’ ಎಂದು. ಇದ್ದಾರೆ ಅಂದರೆ ಏಳು ಗಂಟೆಗೆ ಟೇಬಲ್ಲು ಹೇಳಿ, ಆರೂವರೆಗೇ ಹೋಗಿ ಕೂತಿರುತ್ತೇನೆ.